ಸುನಂದಮ್ಮ ಕಾರು ನೋಡಿದ ಪರಿ

ಹನಗೋಡಿನ ಸುನಂದಮ್ಮನ ಮನೆಯ ಹಳೇ ವ್ಯಾನು ಬಿಳಿಕೆರೆಯ ಹತ್ತಿರ ಕೊನೆಯುಸಿರೆಳೆಯಿತು, ಅದೂ ಕೆ.ಆರ್. ನಗರದಲ್ಲಿ ಮದುವೆ ಊಟ ಮುಗಿಸಿಕೊಂಡು ಬರುವಾಗ. ಒಳಗಿದ್ದವರು ಏಳು ಜನ. ಸುನಂದಮ್ಮ, ಗಂಡ ಜವರಯ್ಯ, ಮಗ ನಟರಾಜು, ಸೊಸೆ ಪವಿತ್ರ, ಮೊಮ್ಮಕ್ಕಳು ಚಂದು ಮತ್ತು ಪುಟ್ಟಿ, ಜೊತೆಗೆ ಜವರಯ್ಯನ ಅಕ್ಕ ಚಿಕ್ಕಮಾದಮ್ಮ. ಆಕೆ ಹೆಸರಿಗೆ ಮಾತ್ರ ಚಿಕ್ಕವಳು, ಕೂತರೆ ಇಬ್ಬರ ಜಾಗ ಬೇಕು. ಗೊಬ್ಬರ ಇಳಿಸಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರೊಂದು ಸಿಕ್ಕಿದ್ದೇ ಪುಣ್ಯ. ರೇಷ್ಮೆ ಸೀರೆಯುಟ್ಟ ಹೆಂಗಸರು ಅದರ ಟ್ರೇಲರಿನಲ್ಲಿ ನಿಂತು ಹುಣಸೂರು ಪೇಟೆ ದಾಟುವಾಗ ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿ ನೋಡಿದರು.

ಮನೆಗೆ ಬಂದು ಸೀರೆಯ ಅಂಚಿನ ಗೊಬ್ಬರ ಕೊಡವುತ್ತಾ ಸುನಂದಮ್ಮ ಹೇಳಿಬಿಟ್ಟಳು. "ಕಾರು ತಕ್ಕಳದೇಯ. ಏಳು ಜನಕ್ಕೂ ಜಾಗ ಇರ್ಬೇಕು, ದಾರೀಲಿ ಕೈ ಕೊಡಬಾರ್ದು, ಪುಟ್ಟಿ ವಾಂತಿ ಮಾಡ್ಕಬಾರ್ದು."

ನಾಲ್ಕು ವರ್ಷದ ಪುಟ್ಟಿ ಯಾವ ವಾಹನ ಹತ್ತಿದರೂ ಅರ್ಧ ದಾರಿಯಲ್ಲಿ ಕಕ್ಕುತ್ತಿದ್ದಳು. ಜವರಯ್ಯನ ಮನಸ್ಸು ಬೇರೆ ಕಡೆ ಇತ್ತು. ಅವನಿಗೆ ಲೀಡರುಗಳು ಇಳಿಯುತ್ತಾರಲ್ಲ, ಅಂಥ ಎತ್ತರದ ಬಿಳಿ ಗಾಡಿ ಬೇಕು. ನಟರಾಜುವಿಗೆ ಚಾವಣಿ ತೆರೆದುಕೊಳ್ಳುವ ಕಾರು ಬೇಕು. ಇಬ್ಬರ ಜೊತೆಗೂ ವಾದ ಮಾಡುವ ಗೋಜಿಗೆ ಸುನಂದಮ್ಮ ಹೋಗಲಿಲ್ಲ. "ಆಯ್ತು, ಎಲ್ಲಾನೂ ನೋಡನ. ನೋಡಕೆ ಏನೋಯ್ತದೆ?" ಎಂದಳು.

ಹುಣಸೂರಿನ ಶೋರೂಮಿನಿಂದ ಚೇತನ್‌ಕುಮಾರ್ ಎಂಬ ಸೇಲ್ಸ್‌ಮನ್ ಭಾನುವಾರ ಬೆಳಿಗ್ಗೆ ಬಿಳಿ ಗಾಡಿ ತಂದ. ಇಸ್ತ್ರಿ ಮಾಡಿದ ಶರ್ಟು, ಬಾಯಿ ತುಂಬ ನಗು. ಟೆಸ್ಟ್ ಡ್ರೈವ್ ಅಂದರೆ ಊರಾಚೆಯ ಸೇತುವೆಯವರೆಗೆ ಹೋಗಿ ಬರುವುದು ಅಂತ ಅವನ ಲೆಕ್ಕ. ಏಳೂ ಜನ ಒಳಗೆ ತುರುಕಿಕೊಂಡದ್ದನ್ನು ನೋಡಿ ಅವನ ನಗು ಕೊಂಚ ಸಣ್ಣಗಾಯಿತು. ಚಿಕ್ಕಮಾದಮ್ಮನನ್ನು ಹತ್ತಿಸಲು ಕೆಳಗೆ ಸ್ಟೂಲು ಇಟ್ಟು, ಹಿಂದಿನಿಂದ ನಟರಾಜು ತಳ್ಳಬೇಕಾಯಿತು.

ಸೇತುವೆ ಬಂತು. "ಇನ್ನೊಂಚೂರು ಮುಂದಕ್ಕೋಗು ಮಗ, ಏರು ಎಂಗತ್ತುತ್ತೆ ನೋಡನ" ಎಂದಳು ಸುನಂದಮ್ಮ. ಏರು ಹತ್ತಿದ ಮೇಲೆ ಹಳ್ಳದ ರಸ್ತೆ ನೋಡಬೇಕು ಅಂದಳು. ಹಳ್ಳ ಮುಗಿದ ಮೇಲೆ ಕಾಡಿನ ದಾರಿ. ಹಾಗೆ ನೋಡುತ್ತಾ ನೋಡುತ್ತಾ ಅವರು ಎಚ್.ಡಿ. ಕೋಟೆಯನ್ನೂ ದಾಟಿ ಅಂತರಸಂತೆಗೆ ಬಂದಿದ್ದರು. ಅಲ್ಲಿ ಸುನಂದಮ್ಮನ ತಂಗಿಯ ಮನೆ. ಊಟ ತಯಾರಾಗಿತ್ತು. ತಯಾರಾಗಿದ್ದು ಹೇಗೆ ಅಂತ ಚೇತನ್‌ಕುಮಾರ್ ಕೇಳಲಿಲ್ಲ, ಸುನಂದಮ್ಮನೂ ಹೇಳಲಿಲ್ಲ. ಬರುವಾಗ ಡಿಕ್ಕಿಯಲ್ಲಿ ಎರಡು ನಾಟಿ ಕೋಳಿ ಕೊಕ್ಕೊಕ್ಕೋ ಅನ್ನುತ್ತಿದ್ದವು. ಪುಟ್ಟಿ ಎರಡು ಸಲ ವಾಂತಿ ಮಾಡಿದಳು. ಮನೆ ಮುಂದೆ ಲೀಡರ್ ಗತ್ತಿನಲ್ಲಿ ಇಳಿಯಲು ಹೋದ ಜವರಯ್ಯನ ಪಂಚೆ ಬಾಗಿಲಿಗೆ ಸಿಕ್ಕಿ, ಅವನು ಇಳಿದರೂ ಪಂಚೆ ಮೇಲೇ ಉಳಿಯಿತು. ಬಿಳಿ ಗಾಡಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮುಂದಿನ ವಾರ ಚಾವಣಿ ತೆರೆಯುವ ಕಾರು. "ಭಾರ ಹಾಕಿ ನೋಡ್ದೆ ಗೊತ್ತಾಗಕಿಲ್ಲ ಕಣಪ್ಪ" ಎಂದು ಸುನಂದಮ್ಮ ಅದನ್ನು ಕೆ.ಆರ್. ನಗರದ ರೈಸ್ ಮಿಲ್ಲಿಗೆ ಹೊಡೆಸಿಕೊಂಡು ಹೋಗಿ, ವರ್ಷಕ್ಕಾಗುವಷ್ಟು ಅಕ್ಕಿ ಮೂಟೆ ಹೇರಿಸಿದಳು. ದಾರಿಯುದ್ದಕ್ಕೂ ಬಿಸಿಲು ಜವರಯ್ಯನ ಬೋಳುತಲೆಗೆ ನೇರವಾಗಿ ಹೊಡೆಯಿತು. ಚಂದು ಚಾವಣಿಯಿಂದ ತಲೆ ಹೊರಗೆ ಹಾಕಿ, ಬಾಯಿಗೆ ಹುಳ ಹೊಗಿಸಿಕೊಂಡು, ಅತ್ತು ಕೆಳಗಿಳಿದ. ಮೂಟೆ ಇಳಿಸುವಾಗ ಚೇತನ್‌ಕುಮಾರನ ಶರ್ಟೆಲ್ಲ ತೌಡು.

"ಅಮ್ಮ, ನೀವು ಕಾರು ತಗೋತೀರೋ, ಇಲ್ಲಾ ನನ್ನನ್ನೇ ಇಟ್ಕೋತೀರೋ?" ಎಂದು ಕೇಳಿದ.

"ತಕ್ಕೋತೀವಿ ಕಣ್ಲಾ. ಒಳ್ಳೇದ್ ತೋರ್ಸು" ಎಂದಳು ಸುನಂದಮ್ಮ ತಣ್ಣಗೆ. ಪವಿತ್ರ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಮೂರನೇ ಸಲ ಬಂದಾಗ ಚೇತನ್‌ಕುಮಾರನ ಮುಖದಲ್ಲಿ ಬೇರೆಯೇ ಕಳೆಯಿತ್ತು. ತಂದದ್ದೂ ಬೇರೆಯೇ ಕಾರು. ಹೊಸದಲ್ಲ, ಎತ್ತರವೂ ಇಲ್ಲ. ಮೂತಿಯಿಂದ ಬಾಲದವರೆಗೆ ಉದ್ದವೋ ಉದ್ದ.

"ಇದನ್ನ ಎಸ್ಟೇಟ್ ಕಾರು ಅಂತಾರೆ" ಎಂದ.

"ಯಾವ ಎಸ್ಟೇಟು?" ಜವರಯ್ಯ ಕೇಳಿದ.

"ಆ ಜಾತಿ ಕಾರಿನ ಹೆಸರೇ ಅದು, ಯಜಮಾನ್ರೆ. ಆದ್ರೆ ಇದು ನಿಜವಾಗ್ಲೂ ಕೊಡಗಿನ ಕಾಫಿ ಎಸ್ಟೇಟ್‌ನವರದ್ದೇ."

"ಹೆಣ ಸಾಗ್ಸೋ ಗಾಡಿ ಇದ್ದಂಗದೆ" ಎಂದು ಜವರಯ್ಯ ಮೂಗು ಮುರಿದ.

ಅಂದು ನಟರಾಜು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕುತ್ತಿದ್ದ, ಪವಿತ್ರ ಆಳುಗಳಿಗೆ ಅಡುಗೆ ಮಾಡುತ್ತಿದ್ದಳು, ಚಂದು ಶಾಲೆಗೆ ಹೋಗಿದ್ದ. ಉಳಿದ ನಾಲ್ವರು ಹತ್ತಿದರು. ಚಿಕ್ಕಮಾದಮ್ಮ ಸ್ಟೂಲಿಲ್ಲದೆ, ಜಗಲಿಯ ಮೇಲೆ ಕೂರುವಂತೆ ಸಲೀಸಾಗಿ ಕೂತಳು. ಸುನಂದಮ್ಮ ಬಾಯಿ ತೆರೆಯುವಷ್ಟರಲ್ಲಿ ಚೇತನ್‌ಕುಮಾರ್ ಅಂದ, "ಅಮ್ಮ, ಎರಡು ಸಲ ದಾರಿ ನಿಮ್ದು. ಇವತ್ತು ನಂದು."

ಕಾರು ಪಿರಿಯಾಪಟ್ಟಣದ ಕಡೆ ತಿರುಗಿತು. ಏರು, ಹಳ್ಳ ಎಂದು ಎಲ್ಲೂ ಸುತ್ತದೆ ನೇರವಾಗಿ ಒಂದು ಹೆಂಚಿನ ಮನೆಯ ಮುಂದೆ ನಿಂತಿತು. ಬಾಗಿಲಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ ಹೆಂಗಸೊಬ್ಬಳು, ಸುತ್ತ ಗಂಟುಮೂಟೆ.

"ನಮ್ಮವ್ವ, ಮಂಗಳಮ್ಮ. ಹುಣಸೂರಲ್ಲಿ ಬಾಡಿಗೆ ಮನೆ ಮಾಡೀನಿ, ಇವತ್ತೇ ಒಳ್ಳೇ ದಿನ" ಎಂದ ಚೇತನ್‌ಕುಮಾರ್, ಮುಗ್ಧನಂತೆ. "ಭಾರ ಹಾಕಿ ನೋಡ್ದೆ ಗೊತ್ತಾಗಲ್ಲ ಅಂದಿದ್ರಲ್ಲ?"

ಸುನಂದಮ್ಮ ಒಂದು ಗಳಿಗೆ ಅವನನ್ನೇ ದಿಟ್ಟಿಸಿದಳು. ಅರವತ್ತು ದಾಟಿದ ಅವಳನ್ನು ಇಷ್ಟು ಸಲೀಸಾಗಿ ಯಾಮಾರಿಸಿದವರು ಯಾರೂ ಇರಲಿಲ್ಲ. ಸಿಟ್ಟು ಬರಬೇಕಿತ್ತು, ಬಂದದ್ದು ನಗು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ನಿಂತು ಹೇರಿಸಿದಳು. ಕೊನೆಯ ಸಾಲಿನ ಸೀಟು ಮಡಿಸಿದರೆ ಒಳಗೊಂದು ಕೋಣೆಯೇ ತೆರೆದುಕೊಂಡಿತು. ಟ್ರಂಕು, ಹಾಸಿಗೆ ಸುರುಳಿ, ಗ್ಯಾಸ್ ಒಲೆ, ಟಿ.ವಿ., ಪಾತ್ರೆ ಮೂಟೆ ಎಲ್ಲ ಹೋದವು. ಕೊನೆಗೆ ಒರಳುಕಲ್ಲನ್ನು ಜವರಯ್ಯನೇ ಒಂದು ಕಡೆ ಹಿಡಿದು ಎತ್ತಿದ. ಟೈರು ಕುಗ್ಗಲಿಲ್ಲ.

ವಾಪಸು ಹೊರಟರು. ನಡುವಿನ ಸೀಟಿನಲ್ಲಿ ಮೂವರು ಹೆಂಗಸರು ಎಲೆಅಡಿಕೆ ಹಂಚಿಕೊಂಡು ಮಾತಿಗೆ ಬಿದ್ದರು. ಪುಟ್ಟಿ ಮಂಗಳಮ್ಮನ ತೊಡೆಯ ಮೇಲೆ ಕೂತು, ಅವಳ ಕೈಯಿಂದಲೇ ಕಡಲೆಪುರಿ ತಿಂದಳು. ತಿಂದದ್ದು ಹೊಟ್ಟೆಯಲ್ಲೇ ಉಳಿಯಿತು. ಮುಂದಿನ ಸೀಟಿನಲ್ಲಿ ಗೊರಕೆ ಕೇಳಿತು. ಹೆಣದ ಗಾಡಿ ಅಂದಿದ್ದ ಜವರಯ್ಯ ಕಾಲು ಚಾಚಿ ಮಲಗಿಬಿಟ್ಟಿದ್ದ.

"ದಿಟ ಯೋಳು ಮಗ, ಇದರಾಗೆ ಐಬು ಏನದೆ?" ಸುನಂದಮ್ಮ ಕೇಳಿದಳು.

"ಕೊನೇ ಸೀಟು ಮಕ್ಳಿಗೇ ಸರಿ, ದೊಡ್ಡೋರು ಮಂಡಿ ಮಡಚ್ಕೊಂಡು ಕೂರ್ಬೇಕು. ಎ.ಸಿ. ಅಲ್ಲಿಗಂಟ ಬರಲ್ಲ. ಇಂಜಿನ್ನು ಮಾತ್ರ ಚಿನ್ನ."

"ಎಂಗೆ ನಂಬದು?"

"ನಮ್ಮವ್ವನ್ನೇ ಕೂರಿಸ್ಕೊಂಡು ಬತ್ತಾ ಇಲ್ವಾ?"

ಹುಣಸೂರಿನ ಬಾಡಿಗೆ ಮನೆಯಲ್ಲಿ ಸಾಮಾನು ಇಳಿಸಿ, ಹಾಲುಕ್ಕಿಸಿ, ಪಾಯಸ ತಿಂದು ಎದ್ದಾಗ ಜವರಯ್ಯನೇ ಗಂಟಲು ಸರಿಮಾಡಿಕೊಂಡ. "ಇದ್ನೇ ಇರ್ಲಿ ಬುಡು. ನಿದ್ದೆ ಚೆನ್ನಾಗ್ ಬತ್ತದೆ."

ನಟರಾಜು ಒಂದು ವಾರ ಮುಖ ಊದಿಸಿಕೊಂಡಿದ್ದ. ಗೊಬ್ಬರದ ಚೀಲ, ಹೆಂಡತಿ, ಮಕ್ಕಳು ಎಲ್ಲರನ್ನೂ ಒಂದೇ ಟ್ರಿಪ್ಪಿನಲ್ಲಿ ತಂದ ಮೇಲೆ ಅದನ್ನು ತೊಳೆಯುವ ಕೆಲಸ ಯಾರಿಗೂ ಬಿಡಲಿಲ್ಲ.

ಉದ್ದನೆ ಕಾರು ಊರಲ್ಲಿ ಓಡಾಡಿದ್ದೇ ತಡ, ಪಕ್ಕದ ಬೀದಿಯ ಷಣ್ಮುಖಪ್ಪ ಬಂದು ಕೂತ. ತಾನೂ ಒಂದು ಕಾರು ತೆಗೆದುಕೊಳ್ಳಬೇಕು, ಹೇಗೆ ನೋಡಿ ಆರಿಸುವುದು ಅಂತ ಕೇಳಿದ.

"ದೂರ ಓಡಿಸ್ ನೋಡಿ, ಭಾರ ಹಾಕ್ ನೋಡಿ. ಆ ಹುಡುಗ ಭಾಳ ಒಳ್ಳೆಯವ್ನು, ಬ್ಯಾಸರಾನೇ ಮಾಡ್ಕಳಕಿಲ್ಲ" ಎಂದು ಸುನಂದಮ್ಮ ನಂಬರು ಕೊಟ್ಟು ಕಳಿಸಿದಳು.

ಅವನು ಗೇಟು ದಾಟುತ್ತಲೇ ಫೋನು ತೆಗೆದಳು.

"ಚೇತನಾ, ಒಂದು ಪಾರ್ಟಿ ಬತ್ತಾ ಅದೆ. ನಿಮ್ಮವ್ವಂದು ಪಿರಿಯಾಪಟ್ಟಣದಾಗೆ ಇನ್ನೇನಾರ ಉಳಕಂಡದಾ?"

ಆ ಕಡೆ ಚೇತನ್‌ಕುಮಾರ್ ಸ್ವಲ್ಪ ಯೋಚಿಸಿದ.

"ಮಂಚ ಒಂದದೆ ಅವ್ವಾ" ಎಂದ.