ನಳದ ಮುಂದೆ ಆಡಿದ ಮಾತು

ಮರಗಮ್ಮ ಕ್ರೈಸ್ತಳಾಗಿ ಎಷ್ಟೋ ವರ್ಷವಾಗಿದ್ದರೂ ಹೆಸರು ಬದಲಿಸಿರಲಿಲ್ಲ. "ನಾ ಯಾರಂತ ಕರ್ತನಿಗೆ ಗೊತ್ತದ. ಹೊಸಾ ಹೆಸರಿಟ್ಟು ಅವನಿಗ್ಯಾಕ ತ್ರಾಸ ಕೊಡ್ಲಿ?" ಎನ್ನುತ್ತಿದ್ದಳು. ರಾಯಚೂರಿನ ಕಡೆಯವಳು. ಮುಂಬಯಿ ಪಕ್ಕದ ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ ನನ್ನ ಪಕ್ಕದ ಖೋಲಿ ಅವಳದು. ಕೈ ದೊಡ್ಡದು, ಮನಸ್ಸು ದೊಡ್ಡದು, ಬಾಯಿ ಅವೆರಡಕ್ಕಿಂತ ದೊಡ್ಡದು. ಯಾರಿಗೆ ಹೆರಿಗೆ ನೋವು ಬಂದರೂ ಮೊದಲು ಓಡುವವಳು ಅವಳೇ. ಹೆತ್ತವಳು ಗಂಡನನ್ನು ಏನೇನು ಬೈದಳೆಂದು ಮರುದಿನ ನೀರಿನ ನಳದ ಹತ್ತಿರ ಹೇಳುವವಳೂ ಅವಳೇ. ನನಗೆ ಅವಳ ಮೇಲೆ ಸಿಟ್ಟು ಬರದ ವಾರವಿಲ್ಲ. ಹಾಗಂತ ಅವಳಿಲ್ಲದ ಚಾಳಿನಲ್ಲಿ ಇರು ಎಂದರೆ ನಾನು ಇರಲಾರೆ.

ಸೂರತ್ತಿನಲ್ಲಿ ಪ್ಲೇಗ್ ಎಂದು ಸುದ್ದಿಯಾಯಿತಲ್ಲ, ಆ ತೊಂಬತ್ತನಾಲ್ಕನೆಯ ಇಸವಿಯ ಮಾತು. ಠಾಣೆಯಲ್ಲಿ ಎಲ್ಲರ ಮೂಗಿಗೂ ಕರವಸ್ತ್ರ. ಇಲಿ ಕಂಡರೆ ಮೀಸೆ ಹೊತ್ತ ಗಂಡಸರೂ ಮಂಚ ಹತ್ತುತ್ತಿದ್ದರು. ಅಂಥ ದಿನಗಳಲ್ಲಿ ಎದುರು ಸಾಲಿನ ಕಾಂಚನಾಳ ಗಂಡ ದಿಲೀಪ ಸೂರತ್ತಿನ ಹತ್ತಿ ಲೋಡಿಂಗ್ ಕೆಲಸ ಬಿಟ್ಟು ಮನೆಗೆ ಬಂದ. ರಿಕ್ಷಾದಿಂದ ಇಳಿಯುವಾಗ ಎರಡು ಸಲ ಕೆಮ್ಮಿದ. ನೋಡಿದವಳು ಮರಗಮ್ಮ.

ಮರುದಿನ ಬೆಳಿಗ್ಗೆ ನಳದ ಪಾಳಿಯಲ್ಲಿ ನಿಂತು, "ದಿಲೀಪ ಸೂರತ್ ಗಾಳಿ ಕಟಗೊಂಡು ಬಂದಾನ" ಎಂದಳು. ಅಷ್ಟೇ ಸಾಕಾಯಿತು. ಸಂಜೆಯ ಹೊತ್ತಿಗೆ ಕಡ್ಡಿ ಗುಡ್ಡವಾಗಿ ದಿಲೀಪನ ಕಂಕುಳಲ್ಲಿ ಪ್ಲೇಗಿನ ಗಡ್ಡೆ ಎದ್ದಿತ್ತು, ಅವನನ್ನು ದವಾಖಾನೆಯಿಂದ ಓಡಿಸಿಯೂ ಆಗಿತ್ತು. ನಿಜವಾಗಿ ಡಾಕ್ಟರು ಅವನನ್ನು ನೋಡಿ, ಇದು ಹತ್ತಿಯ ಧೂಳಿನ ಕೆಮ್ಮು, ಬಿಸಿನೀರು ಕುಡಿ ಎಂದು ಕಳಿಸಿದ್ದರು. ಅದನ್ನು ಕೇಳುವವರು ಯಾರು?

ಕಾಂಚನಾ ಕಲಬುರಗಿಯವಳು. ಜೋಳದ ರೊಟ್ಟಿ ಬಡಿದು ಕಾರ್ಖಾನೆಯ ಒಂಟಿ ಗಂಡಸರಿಗೆ ಮಾರುತ್ತಿದ್ದಳು. ಆ ಮನೆ ನಡೆಯುತ್ತಿದ್ದದ್ದೇ ಅದರಿಂದ. ರೊಟ್ಟಿ ಒಯ್ಯುವವರು ಬರುವುದನ್ನು ನಿಲ್ಲಿಸಿದರು. ನಳದ ಹತ್ತಿರ ಅವಳ ಕೊಡವನ್ನು ಯಾರೋ ಕಾಲಿನಿಂದ ಪಾಳಿಯ ಹೊರಗೆ ತಳ್ಳಿದರು. ಎಲ್ಲರದೂ ತುಂಬಿ ನೀರು ಉಳಿದರೆ ಅವಳಿಗೆ. ಶನಿವಾರ ನೋಡುತ್ತೇನೆ, ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದಾಳೆ. "ಇದೊಂದು ವಾರ ನೋಡ್ತೀವಿ ಅಕ್ಕ. ಆಮ್ಯಾಲ ಕಲ್ಯಾಣ ಸ್ಟೇಶನ್ನಿಗೆ ಹೋಗಿ ಊರ ಗಾಡಿ ಹತ್ತತೀವಿ" ಎಂದಳು. ಊರಿನಲ್ಲಿ ಅವರಿಗೆ ನಿಲ್ಲಲು ಒಂದು ಗೋಡೆಯೂ ಇರಲಿಲ್ಲ. ನನಗೆ ಸಂಕಟವಾಯಿತು. ನೆಟ್ಟಗೆ ಹೋಗಿ ಮರಗಮ್ಮನಿಗೆ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು.

ಭಾನುವಾರ ಪಾಸ್ಟರ್ ಗುರುನಾಥನ ಖೋಲಿಯಲ್ಲಿ ನಮ್ಮ ಪ್ರಾರ್ಥನೆ. ಅವನು ವಾರವೆಲ್ಲ ಲೇತ್ ಮಶೀನಿನ ಮುಂದೆ ನಿಲ್ಲುವ ಹುಡುಗ, ಭಾನುವಾರ ಮಾತ್ರ ಪಾಸ್ಟರ್. ಒಬ್ಬೊಬ್ಬರಾಗಿ ಎದ್ದು ತಮ್ಮ ಅನುಭವದ ಸಾಕ್ಷಿ ಹೇಳುವ ಹೊತ್ತಿಗೆ ಮರಗಮ್ಮ ಎದ್ದಳು. "ನನ್ನ ನಾಲಗಿ ಪಾಪ ಮಾಡ್ಯಾದ ತಂದೀ!" ಎಂದು ಎದೆ ಬಡಿದುಕೊಂಡು ಅತ್ತಳು. ಮೂಗಿಗೆ ಕಟ್ಟಿದ್ದ ಕರವಸ್ತ್ರಗಳೆಲ್ಲ ಕಣ್ಣಿಗೆ ಏರಿದವು. ಅತ್ತು ಮುಗಿಸಿ ಮುಖ ಒರೆಸಿಕೊಂಡು ಹಗುರಾಗಿ ಕೂತಳು, ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿಸಿಕೊಂಡಳು.

ಗುರುನಾಥ ಮೆಲ್ಲಗೆ ಹೇಳಿದ: "ಅಕ್ಕ, ಕರ್ತ ಕ್ಷಮಾ ಮಾಡ್ಯಾನ, ಅದರಾಗ ನನಗ ಅನುಮಾನ ಇಲ್ಲ. ಆದ್ರ ನೀ ಆ ಮಾತು ಆಡಿದ್ದು ಇಲ್ಲಲ್ಲ, ನಳದ ಮುಂದ. ಪಾಪ ಬಿಟ್ಟು ತಿರುಗಿಕೋ ಅಂತ ಬೈಬಲ್‌ನಾಗ ಅದ. ಅಂದ್ರ, ಹೋದ ದಾರೀಲೇ ಹೊಳ್ಳಿ ಬರಬೇಕಲ್ಲೇನು?"

ಚಹಾ ಅಲ್ಲಿಯೇ ಉಳಿಯಿತು. ದಾರಿಯುದ್ದಕ್ಕೂ ಅವನನ್ನು ಬೈದಳು. "ನನ್ನ ಮಗನ ವಯಸ್ಸಿನಾಂವ, ನನಗ ಹೇಳ್ತಾನ!" ಚಾಳಿನ ತಿರುವು ಬರುವಷ್ಟರಲ್ಲಿ ಬೈಗುಳ ಖರ್ಚಾಗಿತ್ತು. ಮನೆಗೆ ಹೋಗದೆ ಕಾಂಚನಾಳ ಬಾಗಿಲಿಗೆ ಹೋದಳು. ನಾನೂ ಹಿಂದೆ ನಿಂತೆ.

"ತಂಗಿ, ನಾ ತಪ್ಪು ಆಡ್ದೆ. ನಿನ್ನ ಗಂಡಗ ಏನೂ ಆಗಿಲ್ಲ" ಎಂದಳು ಮರಗಮ್ಮ.

ಕಾಂಚನಾ ತಲೆ ಎತ್ತಲಿಲ್ಲ. "ಅದು ನನಗ ಗೊತ್ತದ ಅಕ್ಕ. ನನಗ್ಯಾಕ ಹೇಳ್ತಿ?"

ಮರಗಮ್ಮ ಹೊಸ್ತಿಲಿನಿಂದ ಹಿಂದೆ ಸರಿದಳು. ಹೊರಗೆ ಬಂದು ನನ್ನನ್ನು ಕೇಳಿದಳು: "ನಳದ ಮುಂದ ಹೋಗಿ ಸುಳ್ಳಂತ ಹೇಳಿದ್ರ ನಂಬ್ತಾರೇನ?"

"ಇಲ್ಲ" ಎಂದೆ. ಕೆಟ್ಟ ಮಾತಿಗೆ ಒಂದು ಸಲ ಸಾಕು, ಒಳ್ಳೆಯ ಮಾತಿಗೆ ಪುರಾವೆ ಬೇಕು. ಈ ಲೋಕ ಇರುವುದೇ ಹಾಗೆ.

ನಮ್ಮಿಬ್ಬರ ನಡುವೆ ಇರುವುದು ತಗಡಿನ ಗೋಡೆ. ಅವಳ ಪ್ರಾರ್ಥನೆ ಸಾಮಾನ್ಯವಾಗಿ ಇಡೀ ಸಾಲಿಗೆ ಕೇಳುತ್ತದೆ. ಅಂದು ಕಿವಿಗೊಟ್ಟರೆ ಮಾತ್ರ ಕೇಳಿತು: "ಕ್ಷಮಾ ಕೇಳಾಕ ಬಂದಿಲ್ಲ ತಂದೀ. ಬುದ್ಧಿ ಕೊಡು. ಏನು ಮಾಡಬೇಕಂತ ಹೇಳು."

ಸೋಮವಾರ ಬೆಳಿಗ್ಗೆ ನಳಕ್ಕೆ ನೀರು ಬಂತು. ಪಾಳಿಯಲ್ಲಿ ಮರಗಮ್ಮನ ಕೊಡವೇ ಮೊದಲು. ಅವಳು ಅದನ್ನು ತೆಗೆದು ಕಟ್ಟಕಡೆಗೆ ಇಟ್ಟಳು. ಹೊರಗೆ ಬಿದ್ದಿದ್ದ ಕಾಂಚನಾಳ ಕೊಡವನ್ನು ತಂದು ತನ್ನ ಜಾಗದಲ್ಲಿ ಹಿಡಿದಳು. ಹೆಂಗಸರೆಲ್ಲ ಹಿಂದೆ ಸರಿದರು.

"ಸುದ್ದಿ ಹುಟ್ಟಿಸಿದಾಕಿ ನಾ. ಕಂಡಿದ್ದು ಎರಡು ಕೆಮ್ಮು. ಗಡ್ಡಿ ನಾನೂ ಕಂಡಿಲ್ಲ, ನೀವೂ ಕಂಡಿಲ್ಲ" ಎಂದಳು.

ಸೊಲ್ಲಾಪುರದ ಸತ್ಯಭಾಮಾಬಾಯಿ ಬಿಡುವವಳಲ್ಲ. "ಅಗ ಬಾಯಿ, ಆವತ್ತು ಖರೆ ಅಂದಿ, ಇವತ್ತು ಖೋಟೆ ಅಂತಿ. ನಿನ್ನ ಯಾವ ಬಾಯಿ ನಂಬೂಣು?"

"ಯಾವುದೂ ನಂಬಬ್ಯಾಡ್ರಿ." ಮರಗಮ್ಮ ತುಂಬಿದ ಕೊಡದಲ್ಲಿ ಕೈಯದ್ದಿ ಬೊಗಸೆ ನೀರು ಕುಡಿದಳು. "ಇವತ್ತಿಂದ ನನ್ನ ಹುಲಗಪ್ಪ ದಿಲೀಪನ ಜೋಡಿ ಒಂದೇ ತಾಟಿನಾಗ ಉಣ್ತಾನ. ಅವ ಸಾಯ್ತಾನೇನ ಕಾದು ನೋಡ್ರಿ."

ಹಲ್ಲುಜ್ಜುತ್ತ ನಿಂತಿದ್ದ ಅವಳ ಗಂಡ ಹುಲಗಪ್ಪನಿಗೆ ಸಂಗತಿ ಗೊತ್ತಾದದ್ದೇ ಆಗ. "ನನ್ನ ಒಂದ್ ಮಾತು ಕೇಳ್ಬೇಕಿಲ್ಲೇನ?" ಎಂದು ನೊರೆ ಉಗುಳಿದ. ಸತ್ಯಭಾಮಾಬಾಯಿಗೇ ಮೊದಲು ನಗು ತಡೆಯಲಿಲ್ಲ. ಎಷ್ಟೋ ದಿನದ ಮೇಲೆ ಆ ನಳದ ಹತ್ತಿರ ನಗು ಕೇಳಿ ನನ್ನ ಜೀವ ತಣ್ಣಗಾಯಿತು.

ದಿನಾ ಬೆಳಿಗ್ಗೆ ಹುಲಗಪ್ಪ ದಿಲೀಪನ ಹೊಸ್ತಿಲ ಮೇಲೆ ಎಲ್ಲರಿಗೂ ಕಾಣುವಂತೆ ಕೂತು ಉಂಡ. ಚಾಳಿನವರು ಹೋಗುತ್ತಾ ಬರುತ್ತಾ ಅವನ ಕಂಕುಳನ್ನೇ ನೋಡಿದರು. ಅವನು ಸಾಯಲಿಲ್ಲ, ಕಾಂಚನಾಳ ಪುಂಡಿಪಲ್ಯದ ರುಚಿ ಹತ್ತಿ ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕತೊಡಗಿದ. ಮರಗಮ್ಮ ಅದನ್ನೂ ಸಹಿಸಿಕೊಂಡಳು. ನನ್ನ ಕಣ್ಣಿಗೆ ಅವಳ ಪಶ್ಚಾತ್ತಾಪದಲ್ಲಿ ಅತಿ ಕಷ್ಟದ ಭಾಗ ಅದೇ.

ರೊಟ್ಟಿ ಒಯ್ಯುವವರು ಒಬ್ಬೊಬ್ಬರಾಗಿ ಬಂದರು. ಕೆಲವರು ಬರಲೇ ಇಲ್ಲ. ಶನಿವಾರ ಸತ್ಯಭಾಮಾಬಾಯಿಯೂ ಮುಖ ಅತ್ತ ತಿರುಗಿಸಿಕೊಂಡೇ ರೊಟ್ಟಿಗೆ ತಾಟು ಚಾಚಿದಳು.

ಅಂದು ಸಂಜೆ ಮರಗಮ್ಮ ಕಾಂಚನಾಳ ಬಾಗಿಲಲ್ಲಿ ನಿಂತಿದ್ದಳು. ಹಾಸಿಗೆಯ ಗಂಟು ಮೂಲೆಯಲ್ಲಿ ಹಾಗೇ ಇತ್ತು. ಹೋಗುತ್ತೀರೋ, ಇರುತ್ತೀರೋ ಎಂದು ಕೇಳಲು ಬಂದವಳು ಅದನ್ನೇ ನೋಡುತ್ತಿದ್ದಳು. ಕಾಂಚನಾ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಎದ್ದು, ಖಾಲಿ ಕೊಡ ತಂದು ಅವಳ ಕೈಗಿಟ್ಟಳು.

"ನಾಳಿ ನಸಿಕಿನ್ಯಾಗ ರೊಟ್ಟಿ ಬಡಿಯೋದು ಭಾಳ ಅದ ಅಕ್ಕ, ನನಗ ನಳಕ್ಕ ಬರಾಕ ಆಗಂಗಿಲ್ಲ. ನನ್ನ ಕೊಡ ನೀನೇ ಪಾಳೇಕ ಇಡು."