ತಮ್ಮನ ಲೆಕ್ಕಕ್ಕೆ ಸಿಗದ ಮೋಡ

೧. ಎಲ್ಲಿಂದ ಶುರು ಮಾಡಲಿ, ಗಾಳಿಯಿಂದಲೋ ಜಗಳದಿಂದಲೋ? ಗಾಳಿಯಿಂದ ಹೊರಟ ಕರಡು ನಾಲ್ಕನೇ ಸಾಲಿಗೇ ಆಕಳಿಸಿತು. ಹರಿದು ಹಾಕಿದೆ. ಜಗಳವೇ ಇರಲಿ. ಓದುಗರೇ, ನಿಮಗೂ ಅದೇ ಇಷ್ಟ, ನನಗೆ ಗೊತ್ತು.

೨. ಧ್ರುವದ ಹತ್ತಿರ, ಬೆಟ್ಟಸಾಲಿನ ಮಗ್ಗುಲಲ್ಲಿ ಒಂದು ಹವಾಮಾನ ಕೇಂದ್ರ. ಅಕ್ಕ ಬಲೂನು ಹಾರಿಸುವವಳು, ತಮ್ಮ ಕಂಪ್ಯೂಟರಿನಲ್ಲಿ ಮುನ್ಸೂಚನೆ ಕೊಡುವವನು. ಬಹಳ ಎತ್ತರದಲ್ಲಿ, ಕಡುಚಳಿಯಲ್ಲಿ ಮುತ್ತಿನ ಚಿಪ್ಪಿನ ಬಣ್ಣದ ಮೋಡಗಳು ಹುಟ್ಟುತ್ತವೆ. ನೋಡಲು ಚೆಂದ, ಕೆಲಸ ಮಾತ್ರ ಕೆಟ್ಟದ್ದು: ಓಜೋನ್ ಪದರ ತಿನ್ನುವ ರಾಸಾಯನಿಕಗಳನ್ನು ಕೆರಳಿಸುತ್ತವೆ. ಅಂಥದ್ದೊಂದರೊಳಗೆ ಬಲೂನು ನುಗ್ಗಿಸಬೇಕೆಂಬುದು ಅಕ್ಕನ ಹಟ. ಉಳಿದಿರುವುದು ಒಂದೇ ಬಲೂನು. ಅದು ವ್ಯರ್ಥವಾದರೆ ಅವಳ ಪ್ರಾಜೆಕ್ಟ್ ಬಂದ್. ಹಾರಿಸಲು ತಮ್ಮನ ಒಪ್ಪಿಗೆ ಬೇಕು.

"ಇವತ್ತು ಮೋಡ ಆಗಲ್ಲ ಅಕ್ಕ. ಮೇಲೆ ಅಷ್ಟು ಚಳಿ ಇಲ್ಲ. ಕಂಪ್ಯೂಟರ್ ಮಾಡೆಲ್ ನೋಡು."

"ನಿನ್ನ ಮಾಡೆಲ್‌ಗೆ ಬೆಟ್ಟಾನೇ ಸರಿಯಾಗಿ ಕಾಣಲ್ಲ ಕಣೋ! ಗಾಳಿ ಬೆಟ್ಟ ಹತ್ತಿ ಇಳಿದು ಅಲೆ ಎದ್ದಿದೆ. ಅಲೆ ಎತ್ತಿದ ಕಡೆ ಗಾಳಿ ಇನ್ನೂ ತಣ್ಣಗಾಗುತ್ತೆ. ಮೋಡ ಅಲ್ಲೇ."

(ಇದರ ಹೆಸರು ಗುರುತ್ವ ಅಲೆ. ಕಪ್ಪುಕುಳಿಗಳು ಎಬ್ಬಿಸುವ ಗುರುತ್ವಾಕರ್ಷಣ ಅಲೆ ಬೇರೆ. ನಾನೂ ಮೊದಲು ಅದನ್ನೇ ಬರೆದು ಎರಡು ಪುಟ ಹಾಳುಮಾಡಿದೆ.)

೩. ಕಥೆ ಒಣಗುತ್ತಿದೆಯೆನಿಸಿ, ಒಬ್ಬ ಪೈಲಟ್ ಬಂದು ಅಕ್ಕನಿಗೆ ಮನಸೋಲಲಿ ಎಂದು ಬರೆದೆ. ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು.

"ಏನ್ರೀ, ಬೇರೆ ಕೆಲಸ ಇಲ್ವಾ? ಈ ಹಗ್ಗ ಹಿಡ್ಕೊಳ್ಳಿ."

ಹಿಡಿದುಕೊಂಡೆ. (ಪೈಲಟ್ ಡಿಲೀಟ್.)

"ಮೋಡ ಬರದಿದ್ರೆ ತಪ್ಪು ನಂದು ಅಂತ ನಾನೇ ಹೇಳ್ತೀನಿ," ಅಂದಳು ತಮ್ಮನಿಗೆ. "ಬಂದ್ರೆ?"

ಬಂದರೆ ಅವನು ವರ್ಷಗಟ್ಟಲೆ ಕಟ್ಟಿದ ಮಾಡೆಲ್ ಬಿಚ್ಚಿ ಕೂರಬೇಕು. ತಮ್ಮ ಉಗುರು ಕಚ್ಚಿದ. ಪರದೆ ಬಿಟ್ಟು ಮೊದಲ ಸಲ ಕಿಟಕಿಯಾಚೆ ನೋಡಿದ. ಮುಳುಗಿದ ಸೂರ್ಯನ ಮೇಲೆ, ಬೆಟ್ಟದಾಚೆ, ಗುಲಾಬಿ ಬಣ್ಣದ ಎಳೆಯೊಂದು ಮೂಡಿತ್ತು.

"ಹಾರಿಸು ಹೋಗು," ಎಂದು ಗೊಣಗಿದ.

೪. ಬಲೂನು ಏರುತ್ತಿದೆ. ಅಂತ್ಯ ಒಂದು: ಅದು ಮೋಡ ಹೊಕ್ಕಿತು, ತಮ್ಮ ಅಕ್ಕನ ಕಾಲಿಗೆ ಬಿದ್ದ.

"ಕಾಲಿಗಾ? ನಾನಾ? ಸಾಧ್ಯವೇ ಇಲ್ಲ," ಅಂದ ತಮ್ಮ.

ಅಂತ್ಯ ಎರಡು: ಮೋಡ ಕೈಗೆಟುಕುವಷ್ಟರಲ್ಲಿ ಬಲೂನು—

"ಒಡೆದು ನೋಡಿ, ಗೊತ್ತಾಗುತ್ತೆ!" ಅಂದಳು ಅಕ್ಕ.

ಹೆದರಿ ಅಳಿಸಿದೆ.

ತಮ್ಮ ಪರದೆಯಲ್ಲಿ ಬಲೂನು ಕಳಿಸುತ್ತಿದ್ದ ತಾಪಮಾನ ಓದುತ್ತಿದ್ದ. "ಇಳೀತಿದೆ... ನನ್ನ ಲೆಕ್ಕಕ್ಕಿಂತ ಕೆಳಗೆ ಹೋಯ್ತು ಅಕ್ಕಾ... ಇನ್ನೂ ಇಳೀತಿದೆ..." ಸೋಲುತ್ತಿರುವವನ ದನಿ ಅಷ್ಟು ಖುಷಿಯಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಅಕ್ಕ ಅವನ ಭುಜ ಗಟ್ಟಿಯಾಗಿ ಹಿಡಿದಿದ್ದಳು. ಇಲ್ಲೇ ಮುಗಿಸೋಣವೆಂದು ಪೂರ್ಣವಿರಾಮ ಇಡಹೋದೆ. ಇಬ್ಬರೂ ಒಟ್ಟಿಗೇ ತಿರುಗಿ, "ಶ್ಶ್!" ಅಂದರು