ಹೆಗಲ ಮೇಲಿನ ಎರಡು ಬೆರಳು

ಇಂಗ್ಲಿಷ್ ಮೇಷ್ಟ್ರ ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದೆ ವರ್ಷವಾಗಿತ್ತು. ಅದು ಗೊತ್ತಿದ್ದದ್ದು ಶಾಲೆಯ ಆಯಾ ಒಬ್ಬಳಿಗೇ. ದಿನಾ ಪುಸ್ತಕ ಹೊರುವ ನೆಪದಲ್ಲಿ ಅವಳು ಮುಂದೆ ನಡೆಯುತ್ತಿದ್ದಳು. ಅವರು ಅವಳ ಹೆಗಲಿಗೆ ಎರಡು ಬೆರಳು ತಾಗಿಸಿ ಇಪ್ಪತ್ತೆರಡು ಮೆಟ್ಟಿಲು ಹತ್ತಿ ತರಗತಿ ಸೇರುತ್ತಿದ್ದರು. ಪಾಠವೆಲ್ಲ ಬಾಯಿಪಾಠ, ಮಕ್ಕಳ ಗದ್ದಲವೇ ದಿಕ್ಕು. ಇನ್ನು ಎಂಟು ತಿಂಗಳು ಹೀಗೆ ದೂಡಿದರೆ ನಿವೃತ್ತಿ. ನಡುವೆ ಸಿಕ್ಕಿಬಿದ್ದರೆ ಮನೆಗೆ.

ಶಾಲಾ ತನಿಖೆಯ ದಿನ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಹೊಸ ಟೀಚರಮ್ಮನ ಮುಂದೆ ಗೆಲುವಾಗಿದ್ದರು.

"ಪೆಡಗಾಗ್ ಅಂದ್ರೆ ಮೇಷ್ಟ್ರು ಅಂತ ತಾನೇ ನೀವು ಓದಿರೋದು? ಬೇರು ಹುಡುಕಿ, ತಾಯಿ. ಗ್ರೀಕರ ಕಾಲದಲ್ಲಿ ಸಾಹುಕಾರರ ಮಕ್ಕಳನ್ನ ಕೈಹಿಡಿದು ಪಾಠಕ್ಕೆ ಬಿಡ್ತಿದ್ದ ಗುಲಾಮ ಅವನು. ಆ ಲೆಕ್ಕದಲ್ಲಿ ನಮ್ಮಲ್ಲಿ ಅಸಲಿ ಪೆಡಗಾಗ್ ಯಾರು ಹೇಳಿ? ನಮ್ಮ ಆಯಾ!"

ಟೀಚರಮ್ಮ ಬಾಯಿಗೆ ಸೆರಗಿಟ್ಟು ನಕ್ಕರು. ಆಯಾ ಚಹಾದ ಕಪ್ಪು ಒರೆಸುತ್ತಲೇ ಕೇಳಿದಳು, "ಕೈ ಹಿಡಿದೋನು ಗುಲಾಮ. ಹಿಡಿಸ್ಕೊಂಡೋರು ಏನು ಮೇಷ್ಟ್ರೇ?"

"ಯಜಮಾನ್ರು ಕಣಮ್ಮ! ನಾಲ್ಕಕ್ಷರ ಕಲಿತಿದ್ದೇ ತಡ, ನಾಲಿಗೆ ಎಷ್ಟು ಉದ್ದ ಆಗಿದೆ ನೋಡಿ ಇವಳದ್ದು."

ಆಯಾ ಕಪ್ಪನ್ನು ಮೆಲ್ಲಗೆ ಬೋರಲು ಹಾಕಿದಳು.

ತನಿಖೆಯೆಂದು ಹೆಡ್‌ಮಾಸ್ಟರು ಮಕ್ಕಳಿಗೆ ಉಸಿರೆತ್ತಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಮಹಡಿಯೆಲ್ಲ ಗಪ್‌ಚಿಪ್. ಆಯಾ ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿದಳು. ಒಂದು ಬಾಗಿಲು ಮೊದಲೇ ತಿರುಗಿದಳು. ಅದು ಮುರಿದ ಬೆಂಚು ತುಂಬಿದ ಉಗ್ರಾಣ.

"ಬಂತು, ಮೇಷ್ಟ್ರೇ."

"ಕೂತ್ಕೊಳ್ಳಿ ಮಕ್ಕಳೇ," ಎಂದರು ಮೇಷ್ಟ್ರು, ಬೆಂಚುಗಳಿಗೆ.

ಪಕ್ಕದಲ್ಲಿ, ಮೇಷ್ಟ್ರ ತರಗತಿಯಲ್ಲಿ, ತನಿಖೆಗೆ ಬಂದ ಅಧಿಕಾರಿ ಗಡಿಯಾರ ನೋಡುತ್ತಾ ಕೂತಿದ್ದರು. ಆಯಾ ಬಾಗಿಲಲ್ಲಿ ನಿಂತು ಕೈಮುಗಿದಳು. "ಪಾಠ ಅಲ್ಲಿ ನಡೀತಿದೆ ಸಾರ್. ಬನ್ನಿ, ಕರ್ಕೊಂಡು ಹೋಗ್ತೀನಿ."

ಬೂಟಿನ ಸದ್ದು ಹತ್ತಿರವಾದದ್ದೇ ಮೇಷ್ಟ್ರ ದನಿ ಏರಿತು. ಧೂಳು ಹಿಡಿದ ಮರದ ರಾಶಿಗೆ ಪದ್ಯ ಹೇಳಿದರು, ಪ್ರಶ್ನೆ ಕೇಳಿದರು, "ಶಭಾಷ್, ಇಷ್ಟು ಶಿಸ್ತಿನ ಮಕ್ಕಳನ್ನ ನಾನು ಕಂಡೇ ಇಲ್ಲ" ಎಂದು ಹೊಗಳಿದರು. ಅಧಿಕಾರಿ ಬಾಗಿಲಲ್ಲಿ ಬಾಯಿ ತೆರೆದು ನಿಂತುಬಿಟ್ಟರು.

ಬೂಟಿನ ಸದ್ದು ನಿಂತು ಬಹಳ ಹೊತ್ತಾಯಿತು. ಆಯಾ ಕೆಮ್ಮಿದಳು. ಮೇಷ್ಟ್ರು ಆ ಕೆಮ್ಮಿನತ್ತ ಬಂದು, ಕೈ ಚಾಚಿ, ಸಿಕ್ಕ ಹೆಗಲಿಗೆ ಎರಡು ಬೆರಳು ತಾಗಿಸಿದರು.

"ತೊಲಗಿದ್ನಾ?" ಎಂದು ಪಿಸುಗುಟ್ಟಿದರು. "ನಾನು ಕುರುಡ ಅಂತ ಅವನಿಗೇನಾದ್ರೂ ವಾಸನೆ ಬಡೀತೇನಮ್ಮ?"

"ಅವರನ್ನೇ ಕೇಳಿ, ಯಜಮಾನ್ರೇ," ಎಂದಳು ಆಯಾ, ಆಚೆ ಬದಿಯಿಂದ. "ಹೆಗಲು ಅವರದೇ."